ಮೈಸೂರು ಪಾಕ್ ಡಬ್ಬಿಗೆ ಮರಗೆಣಸು-ಜೇಡಿಯ ಹಾಳೆ: ಮಾಡಿದ್ದು, ಅಳೆದದ್ದು

ಸ್ವೀಟ್ ಅಂಗಡಿಯ ಡಬ್ಬಿ ತೆಗೆದು ನೋಡಿ. ಹೊರಗೆ ರಟ್ಟು, ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ತುಪ್ಪ ಸೋರುವ ಮೈಸೂರು ಪಾಕ್. ಡಬ್ಬಿಯ ಹೊರಗೆ ಸುತ್ತುವ ಪ್ಲಾಸ್ಟಿಕ್ ಫಿಲ್ಮ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ. ಕರ್ನಾಟಕದಲ್ಲಂತೂ ಪ್ಲಾಸ್ಟಿಕ್ ಚೀಲ, ತಟ್ಟೆಗಳ ಮೇಲೆ 2016ರಲ್ಲೇ ನಿಷೇಧ ಬಂದಿತ್ತು. ಆದರೂ ಒಳಗಿನ ಹಾಳೆ ಎಷ್ಟೋ ಕಡೆ ಹಾಗೇ ಇದೆ. ಅದರ ಕೆಲಸ ದೊಡ್ಡದೇನಲ್ಲ, ತುಪ್ಪ ರಟ್ಟಿಗೆ ಇಳಿಯಬಾರದು, ಅಷ್ಟೇ. ಆ ಒಂದು ಹಾಳೆಯನ್ನು ಮರಗೆಣಸಿನ ಸ್ಟಾರ್ಚ್ ಮತ್ತು ಜೇಡಿಮಣ್ಣು ಸೇರಿಸಿ ಮನೆಯಲ್ಲೇ ಮಾಡಬಹುದಾ ಅಂತ ಕೈ ಹಾಕಿದ ಕೆಲಸದ ಟಿಪ್ಪಣಿ ಇದು. ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇರುವ ಮೈಸೂರಿನಲ್ಲಿ ಕೂತು, ಅಲ್ಲಿ ಫುಡ್ ಪ್ಯಾಕೇಜಿಂಗ್‌ಗೇ ಒಂದು ವಿಭಾಗ ಇರುವಾಗ, ಅಡುಗೆಮನೆಯಲ್ಲಿ ಫಿಲ್ಮ್ ಎರೆಯುವುದು ಸ್ವಲ್ಪ ತಮಾಷೆಯೇ. ಇರಲಿ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೂ ಕಾಯಿಸುವುದಿಲ್ಲ. ಹಾಳೆ ಆಗುತ್ತದೆ. ತುಪ್ಪವನ್ನು ಚೆನ್ನಾಗಿ ತಡೆಯುತ್ತದೆ. ನೀರಾವಿ ತಡೆಯುವುದರಲ್ಲಿ ಪಾಲಿಥೀನ್ ಹತ್ತಿರಕ್ಕೂ ಬರುವುದಿಲ್ಲ. ಮತ್ತು ಜೇಡಿ ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ ಯಾವುದನ್ನು ಯಾವ ಹಂತದಲ್ಲಿ ಹಾಕಿದಿರಿ ಅನ್ನುವುದರ ಮೇಲೆ ಹಾಳೆಯ ಗುಣ ನಿಂತಿದೆ. ಇದನ್ನು ತೋರಿಸಲಿಕ್ಕೇ ಇಷ್ಟುದ್ದ ಬರೆಯುತ್ತಿರುವುದು.

ಜೇಡಿ ಯಾಕೆ?

ಬರೀ ಸ್ಟಾರ್ಚ್ ಬೇಯಿಸಿ ಒಣಗಿಸಿದರೂ ಹಾಳೆ ಆಗುತ್ತದೆ. ಸಬ್ಬಕ್ಕಿ ಸಂಡಿಗೆ ಇಟ್ಟವರಿಗೆ ಇದು ಗೊತ್ತೇ ಇದೆ. ಸಬ್ಬಕ್ಕಿ ಅಂದರೆ ಮರಗೆಣಸಿನ ಸ್ಟಾರ್ಚೇ ಅಲ್ವಾ, ಬೆಂದು ಗಾಜಿನ ಹಾಗೆ ಆಗುತ್ತದೆ, ಒಣಗಿದರೆ ಪಟ್ ಅಂತ ಮುರಿಯುತ್ತದೆ. ಮುರಿಯದೆ ಬಾಗಬೇಕು ಅಂದರೆ ಗ್ಲಿಸರಿನ್ ಬೇಕು. ಅದು ಸ್ಟಾರ್ಚಿನ ಉದ್ದ ಎಳೆಗಳ ನಡುವೆ ಹೋಗಿ ಕೂತು ಅವು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಳ್ಳದ ಹಾಗೆ ಮಾಡುತ್ತದೆ. ಆದರೆ ಎಳೆಗಳು ಸಡಿಲವಾದಷ್ಟೂ ನೀರಾವಿ ಸಲೀಸಾಗಿ ನುಗ್ಗುತ್ತದೆ, ಹಾಳೆಯ ಬಲವೂ ಇಳಿಯುತ್ತದೆ. ಒಂದು ಸರಿಮಾಡಲು ಹೋದರೆ ಇನ್ನೆರಡು ಕೆಡುತ್ತವೆ.

ಇಲ್ಲಿ ಜೇಡಿ ಬರುತ್ತದೆ. ಬೆಂಟೊನೈಟ್ ಅನ್ನುವ ಜೇಡಿಯಲ್ಲಿ ಹೆಚ್ಚಿನ ಪಾಲು ಮಾಂಟ್‌ಮೊರಿಲೊನೈಟ್ ಖನಿಜ. ಅದರ ಒಂದೊಂದು ಪದರ ಸುಮಾರು 1 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ದಪ್ಪ, ಅಗಲ ಮಾತ್ರ ಕೆಲವು ನೂರು ನ್ಯಾನೊಮೀಟರ್. ಈ ಪದರಗಳು ಬಿಡಿಬಿಡಿಯಾಗಿ ಹಾಳೆಯ ಒಳಗೆ ಅಡ್ಡಡ್ಡ ಮಲಗಿದರೆ ನೀರಿನ ಅಣು ನೇರವಾಗಿ ದಾಟಲು ಆಗುವುದಿಲ್ಲ. ಒಂದೊಂದನ್ನೂ ಸುತ್ತಿಕೊಂಡು ಹೋಗಬೇಕು. ದಾರಿ ಉದ್ದವಾಗುತ್ತದೆ, ದಾಟುವುದು ನಿಧಾನ ಆಗುತ್ತದೆ. ಇದರ ಜೊತೆಗೆ ಹಾಳೆ ಗಟ್ಟಿಯೂ ಆಗುತ್ತದೆ. ಇದೇನೂ ಹೊಸ ಉಪಾಯ ಅಲ್ಲ. ಜಪಾನಿನ ಟೊಯೋಟಾ ಸಂಶೋಧಕರು 1980ರ ದಶಕದಲ್ಲೇ ನೈಲಾನ್‌ಗೆ ಇದೇ ಜಾತಿಯ ಜೇಡಿ ಸೇರಿಸಿ, ಕಾರಿನ ಟೈಮಿಂಗ್ ಬೆಲ್ಟಿನ ಮುಚ್ಚಳಕ್ಕೆ ಬಳಸುವ ಮಟ್ಟಕ್ಕೆ ತಂದಿದ್ದರು. ನೈಲಾನ್ ಬದಲು ಸ್ಟಾರ್ಚ್ ಹಾಕಿದರೆ ಇನ್ನೊಂದು ಅನುಕೂಲ ಇದೆ. ಸ್ಟಾರ್ಚಿಗೂ ನೀರು ಇಷ್ಟ, ಈ ಜೇಡಿಗೂ ನೀರು ಇಷ್ಟ, ಹಾಗಾಗಿ ನೈಲಾನ್‌ಗೆ ಮಾಡುವ ಹಾಗೆ ಜೇಡಿಗೆ ಬೇರೆ ರಾಸಾಯನಿಕ ಹಚ್ಚಿ ಒಗ್ಗಿಸುವ ಕೆಲಸ ಇಲ್ಲ.

ಪದರಗಳು ಬಿಡಿಬಿಡಿಯಾಗಿ ಬರಬೇಕು ಅಂದೆನಲ್ಲ, ಎಲ್ಲ ಕಷ್ಟ ಇರುವುದು ಅಲ್ಲೇ. ಗಂಟಾಗಿ ಉಳಿದರೆ ಅದು ನ್ಯಾನೊ ಗೀನೊ ಏನೂ ಅಲ್ಲ, ಸ್ಟಾರ್ಚ್ ಹಾಳೆಯಲ್ಲಿ ಮಣ್ಣು ಸೇರಿದೆ ಅಷ್ಟೇ.

ಸಾಮಾನು

ಮರಗೆಣಸಿನ ಸ್ಟಾರ್ಚ್ ಬೇಕು, ಮರಗೆಣಸಿನ ಹಿಟ್ಟು ಅಲ್ಲ. ಹಿಟ್ಟಿನಲ್ಲಿ ನಾರು ಇರುತ್ತದೆ, ಹಾಳೆ ಮಬ್ಬಾಗುತ್ತದೆ. ತಮಿಳುನಾಡಿನ ಸೇಲಂ ಕಡೆಯಿಂದ ಬರುವ ಬಿಳಿ ನುಣ್ಣನೆ ಸ್ಟಾರ್ಚ್ ಚೆನ್ನಾಗಿದೆ. ಕಾರ್ನ್‌ಫ್ಲೋರಿನಲ್ಲೂ ಮಾಡಿ ನೋಡಬಹುದು. ಅದರಲ್ಲಿ ಅಮೈಲೋಸ್, ಅಂದರೆ ಕವಲಿಲ್ಲದ ನೇರ ಎಳೆಯ ಸ್ಟಾರ್ಚ್, ಜಾಸ್ತಿ, ಗಂಜಿ ಆರುತ್ತಿದ್ದ ಹಾಗೆ ಬೇಗ ಹೆಪ್ಪಾಗುತ್ತದೆ, ಸಮವಾಗಿ ಎರೆಯಲು ಪುರುಸೊತ್ತೇ ಕೊಡುವುದಿಲ್ಲ, ಬಣ್ಣವೂ ಹಾಲಿನ ಹಾಗೆ ಮಬ್ಬು.

ಗ್ಲಿಸರಿನ್ ಮೆಡಿಕಲ್ ಶಾಪಿನದ್ದು. ಅಳತೆ ಲೋಟದಲ್ಲಿ ಅಳೆಯಬೇಡಿ, ತೂಗಿ. ಒಂದು ಮಿಲಿಲೀಟರ್ ಗ್ಲಿಸರಿನ್ 1.26 ಗ್ರಾಂ ತೂಗುತ್ತದೆ, ಜೊತೆಗೆ ಅರ್ಧ ಲೋಟಕ್ಕೇ ಅಂಟಿಕೊಂಡು ಉಳಿಯುತ್ತದೆ.

ಬೆಂಟೊನೈಟ್ ನಮ್ಮಲ್ಲಿ ಗುಜರಾತಿನ ಕಛ್, ರಾಜಸ್ಥಾನದ ಬಾಡಮೇರ್ ಕಡೆ ಧಾರಾಳ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅರ್ಥಿಂಗ್ ಗುಂಡಿಗೆ ಹಾಕಲು ಚೀಲಗಟ್ಟಲೆ ಸಿಗುತ್ತದೆ. ಕೈ ಪಳಗಿಸಿಕೊಳ್ಳಲು ಅದು ಸಾಕು, ತಿಂಡಿಯ ಹತ್ತಿರ ಮಾತ್ರ ತರಬೇಡಿ. ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಸ್ವಲ್ಪ ಇದ್ದೇ ಇರುತ್ತವೆ. ತಿಂಡಿ ಇಡುವ ಹಾಳೆಗೆ ವೈನ್, ಜ್ಯೂಸ್ ತಿಳಿ ಮಾಡಲು ಬಳಸುವ ಫುಡ್ ಗ್ರೇಡ್ ಬೆಂಟೊನೈಟನ್ನೇ ತರಿಸಿದೆ. ಅದರಲ್ಲೂ ಸೋಡಿಯಂ ಬೆಂಟೊನೈಟೇ ಆಗಬೇಕು. ಕ್ಯಾಲ್ಸಿಯಂ ಜಾತಿಯದ್ದು ನೀರಿನಲ್ಲಿ ಅಷ್ಟಾಗಿ ಉಬ್ಬುವುದಿಲ್ಲ, ಪದರ ಬಿಡುವುದಿಲ್ಲ. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಈ ಕೆಲಸಕ್ಕೆ ಬರುವುದಿಲ್ಲ.

ಯಾವ ಜಾತಿ ಅಂತ ತಿಳಿಯಲು ಸುಲಭದ ಪರೀಕ್ಷೆ ಇದೆ. 100 ಮಿಲಿಲೀಟರ್ ಅಳತೆ ಜಾಡಿಯಲ್ಲಿ ಡಿಸ್ಟಿಲ್ಡ್ ನೀರು ತುಂಬಿ, 2 ಗ್ರಾಂ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಮೇಲಿಂದ ಉದುರಿಸಿ. ಕಲಕಬೇಡಿ. ಮರುದಿನ ತಳದಲ್ಲಿ ಉಬ್ಬಿ ಕೂತ ಜೇಡಿ 24 ಮಿಲಿಲೀಟರ್ ಗೆರೆ ದಾಟಿದ್ದರೆ ಒಳ್ಳೆ ಸೋಡಿಯಂ ಬೆಂಟೊನೈಟ್. ನಾನು ತರಿಸಿದ ಎರಡು ಪ್ಯಾಕೆಟ್‌ಗಳಲ್ಲಿ ಒಂದು ದಾಟಿತು. ಇನ್ನೊಂದು ಹತ್ತರ ಆಚೀಚೆ ನಿಂತಿತು. ಎರಡರ ಲೇಬಲ್ ಮೇಲೂ ಬರೆದಿದ್ದದ್ದು ಒಂದೇ ಮಾತು.

ನೀರು ಬೋರ್‌ವೆಲ್‌ದು ಬೇಡವೇ ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಸೇರಿದ ಕೂಡಲೇ ಬಿಡಿಸಿಟ್ಟ ಜೇಡಿ ಮತ್ತೆ ಗಂಟು ಕಟ್ಟಿ ತಳಕ್ಕಿಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಅಭ್ಯಾಸ ಮಾಡಿ, ತಿಂಡಿಯ ಹಾಳೆಗೆ ಆರ್‌ಒ ನೀರು ಹಾಕಿಕೊಂಡೆ.

ಉಳಿದದ್ದು ಸಣ್ಣಪುಟ್ಟ ಸಾಮಾನು. 0.01 ಗ್ರಾಂ ತೋರಿಸುವ ತಕ್ಕಡಿ, ಇಂಡಕ್ಷನ್ ಒಲೆ, ಥರ್ಮಾಮೀಟರ್, ಕನ್ನಡಕ ತೊಳೆಯುವ ಪುಟ್ಟ ಅಲ್ಟ್ರಾಸಾನಿಕ್ ತೊಟ್ಟಿ, ಸ್ಕ್ರೂ ಗೇಜ್. ಮತ್ತೆ ಮಾಸ್ಕ್. ಒಣ ಬೆಂಟೊನೈಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಸುಮ್ನೆ ಎಳೆದುಕೊಳ್ಳುವ ವಸ್ತು ಅಲ್ಲ.

ಜೇಡಿ ನೀರು

ಒಂದು ಲೀಟರ್ ನೀರನ್ನು ಜೋರಾಗಿ ತಿರುಗಿಸುತ್ತಾ 10 ಗ್ರಾಂ ಬೆಂಟೊನೈಟನ್ನು ಜರಡಿಯಿಂದ ಉದುರಿಸಿದೆ. ಪುಡಿಯ ಮೇಲೆ ನೀರು ಸುರಿದರೆ ಗಂಟಾಗುತ್ತದೆ. ಗಂಟಿನ ಹೊರಗೆಲ್ಲ ಲೋಳೆ, ಒಳಗೆ ಒಣ ಪುಡಿ, ಆಮೇಲೆ ಎಷ್ಟು ಕಡೆದರೂ ಒಡೆಯುವುದಿಲ್ಲ. ಒಂದು ರಾತ್ರಿ ನೆನೆಯಲು ಬಿಟ್ಟು, ಬೆಳಗ್ಗೆ ಮಿಕ್ಸಿಯಲ್ಲಿ ತಿರುಗಿಸಿ, ಸ್ವಲ್ಪ ಸ್ವಲ್ಪವಾಗಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಅರ್ಧರ್ಧ ಗಂಟೆ ಇಟ್ಟೆ.

ಆಮೇಲೆ ಉದ್ದನೆ ಜಾಡಿಗೆ ಸುರಿದು ಅಲ್ಲಾಡಿಸದೆ ಬಿಡಬೇಕು. ನೀರಿನಲ್ಲಿ 2 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು 20 ಡಿಗ್ರಿಯಲ್ಲಿ ಸುಮಾರು 8 ಗಂಟೆ ಬೇಕು. ಮಣ್ಣು ಪರೀಕ್ಷೆಯವರು ಜೇಡಿಯ ಪ್ರಮಾಣ ಅಳೆಯುವುದು ಇದೇ ಲೆಕ್ಕದ ಮೇಲೆ. ಅಂದರೆ ರಾತ್ರಿ ಇಟ್ಟು ಬೆಳಗ್ಗೆ ಮೇಲಿನ 10 ಸೆಂಟಿಮೀಟರನ್ನು ಸಣ್ಣ ಪೈಪಿನಿಂದ ಎಳೆದುಕೊಂಡರೆ ಅದರಲ್ಲಿ ಮರಳು, ದಪ್ಪ ಕಣ ಇರುವುದಿಲ್ಲ. ತಳದಲ್ಲಿ ಬೂದು ಬಣ್ಣದ ಕೆಸರು ಉಳಿಯುತ್ತದೆ. ಅದನ್ನು ಗಿಡಕ್ಕೆ ಹಾಕಿದೆ.

ಎಳೆದುಕೊಂಡ ನೀರಿನಲ್ಲಿ ಈಗ ಜೇಡಿ ಎಷ್ಟಿದೆ? 10 ಗ್ರಾಂ ಹಾಕಿದ್ದೆ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ, ಒಂದಷ್ಟು ಕೆಳಗೆ ಉಳಿದಿದೆ. 50 ಗ್ರಾಂ ಜೇಡಿ ನೀರನ್ನು ತಟ್ಟೆಯಲ್ಲಿ ಪೂರ್ತಿ ಒಣಗಿಸಿ ತೂಗಿದೆ. 0.35 ಗ್ರಾಂ ಉಳಿಯಿತು, ಅಂದರೆ ಶೇ. 0.7. ಈ ಹೆಜ್ಜೆ ಬಿಟ್ಟರೆ ಮುಂದಿನ ಅಳತೆ ಎಲ್ಲ ಊಹೆ.

ಬೇಯಿಸುವುದು, ಎರಡು ಕ್ರಮದಲ್ಲಿ

ಒಂದು ತಟ್ಟೆಗೆ ನನ್ನ ಅಳತೆ: ಸ್ಟಾರ್ಚ್ 6 ಗ್ರಾಂ, ಗ್ಲಿಸರಿನ್ 1.8 ಗ್ರಾಂ, ಜೇಡಿ ನೀರು 34 ಗ್ರಾಂ (ಅದರಲ್ಲಿ ಜೇಡಿ ಹೆಚ್ಚುಕಡಿಮೆ 0.24 ಗ್ರಾಂ, ಸ್ಟಾರ್ಚಿನ ಶೇ. 4), ಉಳಿದದ್ದು ನೀರು, ನೀರೆಲ್ಲ ಸೇರಿ 120 ಗ್ರಾಂ. ಇದೇ ಅಳತೆಯನ್ನು ಎರಡು ಕ್ರಮದಲ್ಲಿ ಮಾಡಿದೆ. ಹೋಲಿಸಲು ಜೇಡಿ ಇಲ್ಲದ ಬರೀ ಸ್ಟಾರ್ಚ್-ಗ್ಲಿಸರಿನ್ ಹಾಳೆಯೂ ಒಂದು.

ಮೊದಲ ಕ್ರಮ ಎಲ್ಲರಿಗೂ ಹೊಳೆಯುವಂಥದ್ದು. ಎಲ್ಲವನ್ನೂ ತಣ್ಣಗೆ ಒಟ್ಟಿಗೆ ಕಲಸಿ ಒಲೆಯ ಮೇಲಿಡುವುದು.

ಎರಡನೆಯದರಲ್ಲಿ ಜೇಡಿ ನೀರಿಗೆ ಸ್ಟಾರ್ಚ್ ಹಾಕಿ, ಒಂದು ಗಂಟೆ ಸುಮ್ನೆ ತಿರುಗಿಸುತ್ತಾ ಇದ್ದು, ಹಾಗೇ ಬೇಯಿಸುವುದು. ಗ್ಲಿಸರಿನ್ ಆಗ ಹಾಕುವುದಿಲ್ಲ. 65 ಡಿಗ್ರಿ ದಾಟುತ್ತಿದ್ದ ಹಾಗೆ ಗಂಜಿ ದಪ್ಪ ಆಗುತ್ತದೆ, ಹಾಲಿನ ಬಣ್ಣ ಹೋಗಿ ತಿಳಿಯಾಗುತ್ತದೆ. 85 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಬಿಡದೆ ತಿರುಗಿಸಿ, ಸ್ಟಾರ್ಚ್ ಪೂರ್ತಿ ಬೆಂದು ಬಿಚ್ಚಿಕೊಂಡ ಮೇಲೆ ಗ್ಲಿಸರಿನ್ ಸೇರಿಸಿ ಇನ್ನು ಹತ್ತು ನಿಮಿಷ. ಪಾತ್ರೆಯನ್ನು ಶುರುವಿನಲ್ಲೇ ತೂಗಿ ಇಟ್ಟುಕೊಂಡಿರಬೇಕು. ಆವಿಯಾಗಿ ಹೋದ ನೀರನ್ನು ಕೊನೆಗೆ ತೂಕ ನೋಡಿ ತುಂಬಿಸಬೇಕು. ಇಲ್ಲದಿದ್ದರೆ ಒಂದು ಹಾಳೆ ದಪ್ಪ, ಒಂದು ತೆಳು ಬಂದು ಹೋಲಿಕೆಗೆ ಅರ್ಥವೇ ಇರುವುದಿಲ್ಲ.

ಒಣಗಿದ ಮೇಲೆ ಎರಡನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊದಲನೆಯದರಲ್ಲಿ ಮಬ್ಬು, ಅಲ್ಲಲ್ಲಿ ಸಣ್ಣ ಚುಕ್ಕೆ. ಎರಡನೆಯದು ಜೇಡಿ ಇಲ್ಲದ ಹಾಳೆಯಷ್ಟೇ ತಿಳಿ. ಕಾಲೇಜೊಂದರಲ್ಲಿ ಪಾಠ ಮಾಡುವ ಗೆಳೆಯರೊಬ್ಬರು ಎರಡರ ತುಂಡನ್ನೂ ಎಕ್ಸ್‌ಆರ್‌ಡಿ ಯಂತ್ರದಲ್ಲಿ, ಅಂದರೆ ಎಕ್ಸ್-ರೇ ಹಾಯಿಸಿ ಪದರಗಳ ಅಂತರ ಅಳೆಯುವ ಯಂತ್ರದಲ್ಲಿ, ಇಟ್ಟು ಕೊಟ್ಟರು. ಅದರ ಗ್ರಾಫಿನಲ್ಲಿ ಒಣ ಬೆಂಟೊನೈಟ್ 7 ಡಿಗ್ರಿ ಕೋನದ ಆಸುಪಾಸಿನಲ್ಲಿ ಒಂದು ಶಿಖರ ತೋರಿಸುತ್ತದೆ, ಪದರದಿಂದ ಪದರಕ್ಕೆ ಸುಮಾರು 1.2 ನ್ಯಾನೊಮೀಟರ್ ಅಂತರ ಅಂತ ಅದರ ಅರ್ಥ. ಮೊದಲ ಕ್ರಮದ ಹಾಳೆಯಲ್ಲಿ ಆ ಶಿಖರ 5 ಡಿಗ್ರಿಗೆ ಸರಿದು ಚೂಪಾಗಿ ನಿಂತಿತ್ತು. ಅಂತರ 1.8 ನ್ಯಾನೊಮೀಟರ್ ಹತ್ತಿರ ಹೋಗಿದೆ, ಆದರೆ ಪದರಗಳು ಇನ್ನೂ ಒಂದರ ಮೇಲೊಂದು ಸಾಲಾಗಿಯೇ ಕೂತಿವೆ. ಎರಡನೆಯದರಲ್ಲಿ ಶಿಖರ ಅದೇ ಜಾಗದಲ್ಲಿ ಇದ್ದರೂ ತಗ್ಗಾಗಿ, ಅಗಲವಾಗಿ ಹರಡಿಕೊಂಡಿತ್ತು. ಪೂರ್ತಿ ಬಿಡಿಯಾಗಿಲ್ಲ, ಆದರೆ ಸಾಲು ಕೆಟ್ಟಿದೆ. ನಮಗೆ ಬೇಕಾದದ್ದು ಸಾಲು ಕೆಡುವುದೇ.

ಕಾರಣ ಊಹಿಸಲು ಕಷ್ಟ ಇಲ್ಲ. ಗ್ಲಿಸರಿನ್ ಪುಟ್ಟ ಅಣು, ಸ್ಟಾರ್ಚ್ ಉದ್ದನೆ ಎಳೆ. ಇಬ್ಬರನ್ನೂ ಒಟ್ಟಿಗೆ ಬಿಟ್ಟರೆ ಪದರಗಳ ಸಂದಿಗೆ ಮೊದಲು ನುಗ್ಗುವುದು ಗ್ಲಿಸರಿನ್. ಅದು ಕೂತ ಮೇಲೆ ಸ್ಟಾರ್ಚಿಗೆ ಅಲ್ಲಿ ಜಾಗವೂ ಇಲ್ಲ, ಕೆಲಸವೂ ಇಲ್ಲ. ಜೊತೆಗೆ ಸ್ಟಾರ್ಚನ್ನು ಮೃದು ಮಾಡಬೇಕಾದ ಗ್ಲಿಸರಿನ್ ಒಂದಷ್ಟು ಜೇಡಿಯ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗ್ಲಿಸರಿನ್ ತಡವಾಗಿ ಬಂದರೆ ಸಂದಿಯ ಬಾಯಲ್ಲಿ ಆಗಲೇ ಸ್ಟಾರ್ಚ್ ಇರುತ್ತದೆ. ಇಷ್ಟೇ ವ್ಯತ್ಯಾಸ. ಒಂದು ಪೈಸೆ ಖರ್ಚಿಲ್ಲ.

ಶೇ. 4ರ ಬದಲು ಶೇ. 10 ಜೇಡಿ ಹಾಕಿಯೂ ನೋಡಿದೆ. ಯಾವ ಕ್ರಮದಲ್ಲಿ ಹಾಕಿದರೂ ಮಬ್ಬು, ಮಡಿಸಿದರೆ ಮಡಿಕೆಯಲ್ಲೇ ಸೀಳು. ಜೇಡಿ ಜಾಸ್ತಿಯಾದಷ್ಟೂ ಹಾಳೆ ಒಳ್ಳೆಯದಾಗುತ್ತಾ ಹೋಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರೆಯುವುದು

ಗಾಜು, ಸ್ಟೀಲ್ ಎರಡಕ್ಕೂ ಹಾಳೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚೂರು ಚೂರು. ಸ್ಟೇಷನರಿ ಅಂಗಡಿಯ ಪಾರದರ್ಶಕ ಪ್ಲಾಸ್ಟಿಕ್ ಫೈಲ್ ಇದೆಯಲ್ಲ, ಪಾಲಿಪ್ರೊಪಿಲೀನ್‌ದು, ಅದನ್ನು ಕತ್ತರಿಸಿ ಗಾಜಿನ ಮೇಲೆ ಟೇಪ್ ಹಾಕಿ, ಸುತ್ತ 20×30 ಸೆಂಟಿಮೀಟರ್ ಚೌಕಟ್ಟು ಕಟ್ಟಿದೆ. ಪ್ಲಾಸ್ಟಿಕ್ ಬೇಡ ಅಂತ ಹೊರಟು ಪ್ಲಾಸ್ಟಿಕ್ ಮೇಲೇ ಎರೆಯುವುದು ವಿಚಿತ್ರ ಅನ್ನಿಸಬಹುದು. ಅದೇ ಫೈಲ್ ಇವತ್ತಿಗೂ ಬಳಕೆಯಲ್ಲಿದೆ, ಬಿಡಿ.

ಮಟ್ಟ ನೋಡುವುದು ಬಹಳ ಮುಖ್ಯ. ಗಾರೆಯವರ ರಸಮಟ್ಟ ಇಟ್ಟು, ನಾಲ್ಕೂ ಮೂಲೆಗೆ ಕಾಗದದ ತುಂಡು ಕೊಟ್ಟು ಸರಿಮಾಡಬೇಕು. ಮೇಜು ಸ್ವಲ್ಪ ವಾಲಿದ್ದರೂ ಹಾಳೆಯ ಒಂದು ಬದಿ ಇನ್ನೊಂದರ ಎರಡರಷ್ಟು ದಪ್ಪ ಬರುತ್ತದೆ. ಮೇಲಿನ ಅಳತೆ ಈ ಚೌಕಟ್ಟಿಗೆ ಪೂರ್ತಿ ಸುರಿದರೆ ಒಣಗಿದ ಮೇಲೆ ಸುಮಾರು 0.1 ಮಿಲಿಮೀಟರ್, ಅಂದರೆ 100 ಮೈಕ್ರಾನ್ ಆಗುತ್ತದೆ.

ಗುಳ್ಳೆ ದೊಡ್ಡ ತಲೆನೋವು. ಎಲ್ಲೆಲ್ಲಿ ಗುಳ್ಳೆ ಇತ್ತೋ ಅಲ್ಲೆಲ್ಲ ತೂತು, ತೂತು ಇದ್ದರೆ ನೀರಾವಿ ಅಳೆದು ಪ್ರಯೋಜನ ಇಲ್ಲ. ಬೆಂದ ಗಂಜಿಯನ್ನು 60 ಡಿಗ್ರಿಯಲ್ಲಿ ಮುಚ್ಚಿಟ್ಟು, ಚಮಚ ತಾಗಿಸದೆ ಅರ್ಧ ಗಂಟೆ ಬಿಟ್ಟರೆ ಹೆಚ್ಚಿನವು ಮೇಲೆ ಬಂದು ಒಡೆಯುತ್ತವೆ. ಉಳಿದವನ್ನು ಎರೆದ ಮೇಲೆ ಸೂಜಿಯಿಂದ ಚುಚ್ಚಿದೆ.

ಒಣಗಿಸಲು 40 ಡಿಗ್ರಿ ಸಾಕು, ಬಲ್ಬ್ ಹಾಕಿದ ಥರ್ಮಕೋಲ್ ಪೆಟ್ಟಿಗೆಯಲ್ಲಿ ಒಂದು ರಾತ್ರಿ. ನೇರ ಬಿಸಿಲು, ಫ್ಯಾನ್ ಗಾಳಿ ಬೇಡ. ಮೇಲ್ಮೈ ಮೊದಲು ಒಣಗಿ ಅಂಚು ಸುರುಳಿಯಾಗುತ್ತದೆ, ಮಧ್ಯೆ ಬಿರುಕು ಬಿಡುತ್ತದೆ. ಪೂರ್ತಿ ಗರಿಗರಿಯಾದ ಮೇಲೆ ಬಿಡಿಸಬಾರದು. ಕೋಣೆಯ ಗಾಳಿಗೆ ಒಂದೆರಡು ಗಂಟೆ ತೆರೆದಿಟ್ಟರೆ ಒಂಚೂರು ತೇವ ಎಳೆದುಕೊಂಡು ಮೃದುವಾಗುತ್ತದೆ. ಆಗ ಒಂದು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಸಲೀಸಾಗಿ ಬರುತ್ತದೆ.

ಅಳೆದದ್ದು

ನೀರಾವಿ ಪರೀಕ್ಷೆ ಮನೆಯಲ್ಲಿ ಮಾಡುವುದು ಅಂದುಕೊಂಡಷ್ಟು ಕಷ್ಟ ಇಲ್ಲ. 5 ಸೆಂಟಿಮೀಟರ್ ಬಾಯಿಯ ಸಣ್ಣ ಜಾಡಿಗಳಲ್ಲಿ ಚೆನ್ನಾಗಿ ಹುರಿದ ಸಿಲಿಕಾ ಜೆಲ್ ತುಂಬಿ, ಬಾಯಿಗೆ ಹಾಳೆ ಇಟ್ಟು, ಅಂಚಿಗೆಲ್ಲ ಕರಗಿಸಿದ ಮೇಣ ಸುರಿದು ಮುಚ್ಚಿದೆ. ಎಲ್ಲವನ್ನೂ ಒಂದು ದೊಡ್ಡ ಗಾಳಿಯಾಡದ ಡಬ್ಬಿಯಲ್ಲಿಟ್ಟೆ. ತಳದಲ್ಲಿ ಒಂದು ಬಟ್ಟಲು ಉಪ್ಪಿನ ಕೆಸರು, ಅಂದರೆ ಕರಗದೆ ಉಳಿಯುವಷ್ಟು ಉಪ್ಪು ಹಾಕಿದ ನೀರು. ಮುಚ್ಚಿದ ಡಬ್ಬಿಯಲ್ಲಿ ಅದು ಗಾಳಿಯ ತೇವಾಂಶವನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ. ಕೋಣೆಯ ಬಿಸಿ ನಾಲ್ಕಾರು ಡಿಗ್ರಿ ಆಚೀಚೆ ಆದರೂ ಬದಲಾಗುವುದಿಲ್ಲ. ಅಡುಗೆ ಉಪ್ಪಿನ ಈ ಗುಣ ದೊಡ್ಡ ಪ್ರಯೋಗಾಲಯಗಳಿಗೂ ಆಧಾರ. ಹೊರಗೆ 75, ಒಳಗೆ ಸೊನ್ನೆಯ ಹತ್ತಿರ, ನಡುವೆ ನಮ್ಮ ಹಾಳೆ. ಬೆಳಗ್ಗೆ ಸಂಜೆ ತೂಗಿದರೆ ಸಿಲಿಕಾ ಎಷ್ಟು ನೀರು ಎಳೆದುಕೊಂಡಿತು ಅಂತ ಗೊತ್ತಾಗುತ್ತದೆ.

ಜೇಡಿ ಇಲ್ಲದ ಹಾಳೆ ದಿನಕ್ಕೆ ಸುಮಾರು 0.6 ಗ್ರಾಂ ಬಿಟ್ಟಿತು. ಎಲ್ಲ ಒಟ್ಟಿಗೆ ಕಲಸಿದ ಮೊದಲ ಕ್ರಮದ್ದು ಅದಕ್ಕಿಂತ ಒಂಚೂರು ಕಡಿಮೆ, ತೂಕದ ಏರುಪೇರಿನಲ್ಲೇ ಮುಚ್ಚಿಹೋಗುವಷ್ಟು. ಎರಡನೇ ಕ್ರಮದ್ದು 0.4ರ ಹತ್ತಿರ. ಮೂರನೇ ಒಂದು ಭಾಗ ಉಳಿತಾಯ, ಬರೀ ಗ್ಲಿಸರಿನ್ ತಡವಾಗಿ ಹಾಕಿದ್ದಕ್ಕೆ. ಡಬ್ಬಿಯ ಒಳಗೆ ಗಾಳಿ ಆಡುವುದಿಲ್ಲವಾದ್ದರಿಂದ ಹಾಳೆಗಳು ನಿಜವಾಗಿ ಬಿಡುವ ನೀರು ಈ ಸಂಖ್ಯೆಗಳಿಗಿಂತ ಜಾಸ್ತಿಯೇ. ಒಂದಕ್ಕೊಂದು ಹೋಲಿಸಲು ಮಾತ್ರ ಇವು ಸಾಕು.

ಇನ್ನು ಪಾಲಿಥೀನ್. ಅಕ್ಕಿ ಚೀಲದ ಒಳಗಿನ ಹಾಳೆ ಕತ್ತರಿಸಿ ಒಂದು ಜಾಡಿಗೆ ಮುಚ್ಚಿದ್ದೆ. ಒಂದು ದಿನ ಕಳೆದರೂ ತಕ್ಕಡಿ ಅಲ್ಲಾಡಲಿಲ್ಲ. 0.01 ಗ್ರಾಂ ಕೂಡ ದಾಟಿಲ್ಲ. ನಮ್ಮ ಒಳ್ಳೆ ಹಾಳೆ ಅದೇ ಹೊತ್ತಿನಲ್ಲಿ ಅದರ ಹತ್ತಾರು ಪಟ್ಟು ಬಿಟ್ಟಿದೆ. ಜೇಡಿ ಸೇರಿಸಿದ ಸ್ಟಾರ್ಚ್ ಹಾಳೆ ಪ್ಲಾಸ್ಟಿಕ್ಕಿಗೆ ಸಾಟಿ ಅಂತ ಯಾರಾದರೂ ಹೇಳಿದರೆ ಈ ಒಂದು ಜಾಡಿ ತೋರಿಸಿ.

ಬಲ ನೋಡಲು 2.5 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಎರಡೂ ತುದಿಗೆ ಕ್ಲಿಪ್ ಹಾಕಿ, ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಿಂದ ನಿಧಾನವಾಗಿ ಎಳೆದೆ. ಜೇಡಿ ಇಲ್ಲದ್ದು ಒಂದು ಕಿಲೋ ದಾಟುತ್ತಿದ್ದಂತೆ ಹರಿಯಿತು, ಹರಿಯುವ ಮೊದಲು ಚೆನ್ನಾಗಿ ಹಿಗ್ಗಿತು. ಎರಡನೇ ಕ್ರಮದ್ದು ಒಂದೂವರೆ ಕಿಲೋ ಹತ್ತಿರ ತಡೆಯಿತು, ಹಿಗ್ಗಿದ್ದು ಕಡಿಮೆ. ಪಟ್ಟಿಗಳನ್ನೆಲ್ಲ ಒಂದೇ ಡಬ್ಬಿಯಲ್ಲಿ ಎರಡು ದಿನ ಇಟ್ಟು ಎಲ್ಲಕ್ಕೂ ಒಂದೇ ತೇವ ಬಂದ ಮೇಲೆ ಎಳೆಯಬೇಕು. ಮಾರ್ಚಿನಲ್ಲಿ ಗರಿಗರಿ ಇದ್ದ ಹಾಳೆ ಜುಲೈನಲ್ಲಿ ಬಟ್ಟೆಯಷ್ಟು ಮೆತ್ತಗಾಗಿರುತ್ತದೆ. ಮಳೆಗಾಲಕ್ಕೆ ಗ್ಲಿಸರಿನ್ ಅನ್ನು ಸ್ಟಾರ್ಚಿನ ಶೇ. 30ರಿಂದ 25ಕ್ಕೆ ಇಳಿಸಿದರೆ ಅಂಟು ಕಡಿಮೆ. ಶೇ. 20 ಮಾಡಿದರೆ ಮತ್ತೆ ಮುರಿಯಲು ಶುರು.

ಎಣ್ಣೆ ಪರೀಕ್ಷೆ ಎಲ್ಲಕ್ಕಿಂತ ಸುಲಭ, ಫಲಿತಾಂಶವೂ ಎಲ್ಲಕ್ಕಿಂತ ಚೆನ್ನಾಗಿ ಬಂತು. ಟಿಶ್ಯೂ ಪೇಪರ್ ಮೇಲೆ ಹಾಳೆ, ಹಾಳೆ ಮೇಲೆ ಬಿಸಿ ಮಾಡಿದ ತುಪ್ಪ. ಒಂದು ವಾರ ಆದರೂ ಟಿಶ್ಯೂ ಮೇಲೆ ಕಲೆ ಇಲ್ಲ. ಜೇಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ನೀರನ್ನು ಇಷ್ಟಪಡುವ ಸ್ಟಾರ್ಚ್ ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಣಗಿದ್ದಾಗ ಆಮ್ಲಜನಕವನ್ನೂ ಅದು ಪಾಲಿಥೀನ್‌ಗಿಂತ ಚೆನ್ನಾಗಿ ತಡೆಯುತ್ತದೆ. ತುಪ್ಪ ಕಮಟು ಹಿಡಿಯುವುದು ಆಮ್ಲಜನಕದಿಂದ, ಹಾಗಾಗಿ ಇದು ಸಣ್ಣ ಲಾಭ ಅಲ್ಲ.

ಡಬ್ಬಿಯ ಒಳಗೆ

ಈ ಗುಣಗಳನ್ನು ನೋಡಿಯೇ ಮೈಸೂರು ಪಾಕ್ ಆರಿಸಿದ್ದು. ತುಪ್ಪ ಜಾಸ್ತಿ, ನೀರು ಕಡಿಮೆ, ನಾಲ್ಕಾರು ದಿನದಲ್ಲಿ ಖಾಲಿಯಾಗುವ ತಿಂಡಿ. ರಟ್ಟಿನ ಡಬ್ಬಿಯ ತಳಕ್ಕೆ, ಪಕ್ಕಕ್ಕೆ ಹಾಳೆ ಕೊಟ್ಟು, ಮೂಲೆಗಳನ್ನು ಒದ್ದೆ ಬೆರಳಿನಿಂದ ಸವರಿ ಒತ್ತಿದರೆ ತಾನಾಗಿಯೇ ಅಂಟಿಕೊಳ್ಳುತ್ತದೆ, ಗೋಂದು ಬೇಡ. ಐದು ದಿನಕ್ಕೂ ರಟ್ಟು ಒಣಗಿಯೇ ಇತ್ತು. ಬಿಸಿ ಇರುವಾಗಲೇ ಜೋಡಿಸಿದರೆ ಮಾತ್ರ ಆವಿಗೆ ಹಾಳೆ ಮೆತ್ತಗಾಗಿ ತುಂಡಿನ ತಳಕ್ಕೆ ಹತ್ತಿಕೊಳ್ಳುತ್ತದೆ. ಪೂರ್ತಿ ಆರಬೇಕು.

ಕಾಯಿ ಒಬ್ಬಟ್ಟಿನ ನಡುವೆ ಇಟ್ಟು ನೋಡಿದೆ, ಆಗಲಿಲ್ಲ, ತೇವಕ್ಕೆ ಲೋಳೆಯಾಯಿತು. ಕಡಲೆಕಾಯಿ ಚಿಕ್ಕಿ ಸುತ್ತಿದರೆ ಬೆಲ್ಲ ಹೊರಗಿನ ತೇವ ಎಳೆದುಕೊಂಡು ಎರಡನೇ ದಿನಕ್ಕೆ ಅಂಟು. ಚಕ್ಕುಲಿ, ಕೋಡುಬಳೆಯಂಥ ಗರಿಗರಿ ತಿಂಡಿಯ ಹತ್ತಿರ ಹೋಗಲೇ ಇಲ್ಲ, ಜಾಡಿ ಪರೀಕ್ಷೆಯಲ್ಲೇ ಉತ್ತರ ಸಿಕ್ಕಿತ್ತು.

ಬೀದಿ ಕೊನೆಯ ಸ್ವೀಟ್ ಅಂಗಡಿಯವರಿಗೆ ಒಂದು ತುಂಡು ತೋರಿಸಿದೆ. ಬೆರಳಿಗೆ ಸುತ್ತಿ, ಎಳೆದು, ಮೂಸಿ ನೋಡಿದರು. ‘ಚೆನ್ನಾಗಿದೆ ಸಾರ್. ಒಂದು ಹಾಳೆಗೆ ಒಂದು ರಾತ್ರಿ ಅಂದರೆ ದಸರಾ ಹೊತ್ತಿಗೆ ನಾನು ಎಷ್ಟು ಡಬ್ಬಿ ಕೊಡಲಿ?’ ಅಂದರು. ನ್ಯಾಯವಾದ ಪ್ರಶ್ನೆ. ತಟ್ಟೆಯಲ್ಲಿ ಎರೆದು ಒಣಗಿಸುವುದು ಕಲಿಯಲಿಕ್ಕೆ ಸರಿ, ವ್ಯಾಪಾರಕ್ಕೆ ಎಕ್ಸ್‌ಟ್ರೂಡರಿನಂಥ, ಬಿಸಿ ಮಾಡಿ ಒತ್ತಿ ಹೊರತಳ್ಳುವ ಯಂತ್ರದ ದಾರಿಯೇ ಬೇಕು. ಅಲ್ಲಿ ನೀರು ಕಡಿಮೆ, ಸ್ಟಾರ್ಚ್, ಜೇಡಿ, ಗ್ಲಿಸರಿನ್ ಯಾವಾಗ ಭೇಟಿಯಾಗುತ್ತವೆ ಅನ್ನುವ ಲೆಕ್ಕವೇ ಬೇರೆ.

ಮಾರುವ ಮಾತು ಬಂದರೆ ಕಾನೂನು ಕೂಡ ಇದೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2018ರ ಪ್ಯಾಕೇಜಿಂಗ್ ನಿಯಮದಲ್ಲಿ, ಪ್ಲಾಸ್ಟಿಕ್ ವಸ್ತುವಿನಿಂದ ಆಹಾರಕ್ಕೆ ಇಳಿಯುವ ಒಟ್ಟು ಪದಾರ್ಥ ಒಂದು ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು. ನಮ್ಮ ಹಾಳೆಯನ್ನು ಇದೇ ಗೆರೆಯ ಪಕ್ಕ ಇಟ್ಟು ನೋಡೋಣ. ಒಂದು ಚದರ ಡೆಸಿಮೀಟರ್ ಹಾಳೆ ಸುಮಾರು 1.4 ಗ್ರಾಂ ತೂಗುತ್ತದೆ, ಅದರಲ್ಲಿ ಗ್ಲಿಸರಿನ್ನೇ ಸುಮಾರು 300 ಮಿಲಿಗ್ರಾಂ ಇದೆ, ಅದು ನೀರಿಗೆ ಬಿದ್ದರೆ ಪೂರ್ತಿ ಬಿಟ್ಟುಕೊಳ್ಳುತ್ತದೆ. ಮಿತಿಯ 30 ಪಟ್ಟು. ಗ್ಲಿಸರಿನ್ ತಿನ್ನುವ ಪದಾರ್ಥವೇ ಆದರೂ ಸಂಖ್ಯೆ ಸಂಖ್ಯೆಯೇ. ನೀರಿರುವ ಆಹಾರಕ್ಕೆ ಈ ಹಾಳೆ ಯಾಕೆ ಆಗದು ಅಂತ ಇನ್ನೊಂದು ಕಡೆಯಿಂದಲೂ ಇದು ಹೇಳುತ್ತದೆ. ಅಂದ ಹಾಗೆ ಅದೇ ನಿಯಮ ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟುವುದನ್ನೂ ನಿಷೇಧಿಸಿದೆ. ಬೋಂಡಾ ಅಂಗಡಿಗಳಿಗೆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಬೆಳ್ಳಿ ಅಥವಾ ಸತುವಿನ ನ್ಯಾನೊ ಪುಡಿ ಹಾಕಿದರೆ ಬೂಷ್ಟು ಬರುವುದಿಲ್ಲವಲ್ಲ ಅಂತ ಇಬ್ಬರು ಮೂವರು ಕೇಳಿದರು. ಬೂಷ್ಟು ತಡೆಯುತ್ತದೆ, ಸರಿ. ಆದರೆ ಆ ಪುಡಿಯನ್ನು ಅಡುಗೆಮನೆಯಲ್ಲಿ ತೂಗುವಾಗ ಉಸಿರಿಗೆ ಹೋಗುತ್ತದೆ, ಹಾಳೆಯಿಂದ ತಿಂಡಿಗೆ ಎಷ್ಟು ಇಳಿಯಿತು ಅಂತ ಅಳೆಯಲು ದೊಡ್ಡ ಯಂತ್ರವೇ ಬೇಕು. ನಾಲ್ಕು ದಿನದ ಸಿಹಿತಿಂಡಿಗೆ ಅಷ್ಟೆಲ್ಲ ಯಾಕೆ? ನಾನು ಹಾಕುವುದಿಲ್ಲ.

ಮಣ್ಣಿಗೆ ಹಾಕಿದಾಗ

ತಾರಸಿಯ ಕಾಂಪೋಸ್ಟ್ ಡಬ್ಬಿಯಲ್ಲಿ ನೈಲಾನ್ ಬಲೆಯ ಸಣ್ಣ ಚೀಲದೊಳಗೆ ತುಂಡುಗಳನ್ನಿಟ್ಟು ಹೂತೆ, ಇಲ್ಲದಿದ್ದರೆ ಆಮೇಲೆ ಹುಡುಕುವುದು ಎಲ್ಲಿ? ಎರಡು ವಾರದೊಳಗೆ ಚೀಲದಲ್ಲಿ ಏನೂ ಉಳಿದಿರಲಿಲ್ಲ. ಜೇಡಿ ಇದ್ದದ್ದು ಎರಡು ಮೂರು ದಿನ ತಡವಾಗಿ ಹೋಯಿತು. ಪಕ್ಕದಲ್ಲಿ ಇಟ್ಟಿದ್ದ ಪಿಎಲ್‌ಎ (ಕಾಂಪೋಸ್ಟ್ ಆಗುತ್ತದೆ ಅಂತ ಮಾರುವ ಒಂದು ಬಗೆಯ ಪ್ಲಾಸ್ಟಿಕ್) ಲೋಟದ ಚೂರು ಇವತ್ತಿಗೂ ಹಾಗೇ ಇದೆ. ಅದು ಕರಗಲು 60 ಡಿಗ್ರಿ ಹತ್ತಿರ ಬಿಸಿಯಿರುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು, ನಮ್ಮ ತಾರಸಿ ಡಬ್ಬಿಗೆ ಆ ತಾಕತ್ತಿಲ್ಲ.

ಕಣ್ಣಿಗೆ ಕಾಣದಾಯಿತು ಅಂದ ಮಾತ್ರಕ್ಕೆ ಕೊಳೆತು ಮುಗಿಯಿತು ಅಂತ ಆಗುವುದಿಲ್ಲ. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್‌ನ ಐಎಸ್‌ಒ 17088 ಮಾನದಂಡದಲ್ಲಿ ಎರಡನ್ನೂ ಬೇರೆ ಬೇರೆ ಅಳೆಯುತ್ತಾರೆ. 84 ದಿನ ಆದ ಮೇಲೆ 2 ಮಿಲಿಮೀಟರ್ ಜರಡಿಯಲ್ಲಿ ಹತ್ತನೇ ಒಂದಕ್ಕಿಂತ ಜಾಸ್ತಿ ಉಳಿಯಬಾರದು ಅನ್ನುವುದು ಒಂದು. 180 ದಿನದೊಳಗೆ ಅದರ ಇಂಗಾಲದ ಶೇ. 90 ಇಂಗಾಲದ ಡೈಆಕ್ಸೈಡ್ ಆಗಿ ಹೊರಬರಬೇಕು ಅನ್ನುವುದು ಇನ್ನೊಂದು. ಸ್ಟಾರ್ಚ್, ಗ್ಲಿಸರಿನ್ ಎರಡನ್ನೂ ಸೂಕ್ಷ್ಮಜೀವಿಗಳು ಸಲೀಸಾಗಿ ತಿನ್ನುತ್ತವೆ, ಜೇಡಿ ಮಣ್ಣಿಗೇ ಸೇರಿದ್ದು. ಆದರೂ ಮಾರಲು ಹೊರಟವರು ಆ ಪರೀಕ್ಷೆ ಮಾಡಿಸಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಪಡೆಯದೆ ‘ಕಾಂಪೋಸ್ಟಬಲ್’ ಅಂತ ಅಚ್ಚು ಹಾಕುವ ಹಾಗಿಲ್ಲ.

ಮಾಡಿಟ್ಟ ಹಾಳೆಗೆ ಮಳೆಗಾಲದಲ್ಲಿ ಬೂಷ್ಟು ಬೇಗ ಬರುತ್ತದೆ, ಇರುವೆಗೂ ಇಷ್ಟ. ಎರಡು ಹಾಳೆಯ ನಡುವೆ ಬಟರ್ ಪೇಪರ್ ಕೊಟ್ಟು, ಒಂದು ಪೊಟ್ಟಣ ಸಿಲಿಕಾ ಜೊತೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡುತ್ತೇನೆ. ಬಳಸುವ ಹಿಂದಿನ ದಿನ ಹೊರಗೆ ತೆಗೆದಿಟ್ಟರೆ ಬಾಗುವಷ್ಟು ಮೆತ್ತಗಾಗುತ್ತದೆ.

ಈಗ ನಡೆಯುತ್ತಿರುವುದು ಜೇನುಮೇಣದ ಕೆಲಸ. ಹಾಳೆಯ ಒಂದು ಮಗ್ಗುಲಿಗೆ ಕರಗಿಸಿದ ಜೇನುಮೇಣವನ್ನು ಬ್ರಷ್‌ನಿಂದ ತೆಳ್ಳಗೆ ಎಳೆದರೆ ಜಾಡಿ ಪರೀಕ್ಷೆಯಲ್ಲಿ ದಾಟುವ ನೀರಾವಿಯ ಪ್ರಮಾಣ ಜೇಡಿಯಿಂದ ಆದದ್ದಕ್ಕಿಂತ ಎಷ್ಟೋ ಜಾಸ್ತಿ ತಗ್ಗುತ್ತದೆ. ಆದರೆ ಹಾಳೆ ಮಡಿಸಿದ ಕಡೆ ಮೇಣ ಬಿರುಕು ಬಿಟ್ಟು ಎದ್ದು ಬರುತ್ತದೆ, ಅಲ್ಲಿಂದ ನೀರಾವಿಗೆ ಮತ್ತೆ ದಾರಿ. ಮೇಣವನ್ನು ಬಿಸಿ ಗಂಜಿಗೇ ಕಡೆದು ಸಣ್ಣ ಸಣ್ಣ ಹನಿಯಾಗಿ ಒಳಗೆ ಕೂರಿಸಲು ನೋಡುತ್ತಿದ್ದೇನೆ. ಅಲ್ಲೂ ಜೇಡಿ ನೀರು ಮೊದಲು ಹೋಗಬೇಕಾ, ಮೇಣ ಮೊದಲಾ ಅನ್ನುವ ಅದೇ ಕ್ರಮದ ಪ್ರಶ್ನೆ ಎದ್ದಿದೆ. ಎರಡೂ ರೀತಿಯ ತಟ್ಟೆಗಳು ಪೆಟ್ಟಿಗೆಯಲ್ಲಿ ಒಣಗುತ್ತಿವೆ.